ಟ್ರೌಟ್ ಮೀನಿಗೆ ಕೊಳೆಮದ್ದು

ಯಲ್ಲಾಪುರದ ಕಡೆಯ ಮಂಚಿಕೇರಿಯಿಂದ ಒಳಗೆ ಹೋಗುವ ಮಣ್ಣುರಸ್ತೆ ಮುಗಿಯುವಲ್ಲಿ ಒಂದು ಹೋಮ್‌ಸ್ಟೇ ಇದೆ. ಅದರ ಜಗಲಿಯಲ್ಲಿ ಅಂದು ನಾವು ನಾಲ್ಕು ಜನ ಇದ್ದೆವು. ಆರಾಮಕುರ್ಚಿಯಲ್ಲಿ ಕೂತವನು ಅದರ ಯಜಮಾನ, ನನ್ನ ಅಕ್ಕನ ಗಂಡ, ನನಗೆ ಭಾವ. ಅವನ ಪಕ್ಕದಲ್ಲಿ ಬೆಂಗಳೂರಿನಿಂದ ಕರೆಸಿಕೊಂಡ ಸಲಹೆಗಾರ. ಎದೆಯ ಮೇಲೆ, ಹೊಟ್ಟೆಯ ಮೇಲೆ, ಬೆನ್ನಿನ ಮೇಲೆ ಕೂಡ ಜೇಬಿರುವ ಅಂಗಿ ಅವನದು. ಅಷ್ಟೂ ಜೇಬಿನಲ್ಲಿ ಏನಿದೆಯೆಂದು ನಾನು ಕೊನೆಯವರೆಗೂ ನೋಡಲಿಲ್ಲ, ಫೋನ್ ಒಂದನ್ನು ಬಿಟ್ಟು. ಮೂರನೆಯವಳು ಅಲ್ಲಿ ಅಂಗಳ, ಕೊಟ್ಟಿಗೆ, ಹೊರಗಿನ ಕೆಲಸ ನೋಡಿಕೊಳ್ಳುವ ಹೆಂಗಸು, ಹಳ್ಳದ ಕೆಳಗಿನ ಕೇರಿಯವಳು. ಚಹಾ ತಂದಿಟ್ಟು ಒಳಗೆ ಹೋಗದೆ ಕಂಬಕ್ಕೆ ಒರಗಿ ನಿಂತಿದ್ದಳು. ನಾಲ್ಕನೆಯವನು ನಾನು. ಸಿದ್ದಾಪುರದ ಕಡೆ ಕಾಟ್ಲಾ, ರೋಹು ಮರಿಗಳನ್ನು ಸಾಕಿ ಕೃಷಿಹೊಂಡ ಇರುವವರಿಗೆ ಮಾರುವವನು. ಮೀನು ತಿನ್ನದ ಮನೆಯಲ್ಲಿ ಹುಟ್ಟಿ ಮೀನು ಸಾಕುತ್ತೇನೆಂದು ಜನ ನನ್ನನ್ನು ಮೀನು ಹೆಗಡೇರು ಎನ್ನುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ದಾಯಾದಿಗಳು ಮೂಗು ಮುಚ್ಚಿ, "ಆಚೆಗೆ ಕೂತ್ಕಳಾ, ವಾಸನೆ ಬತ್ತು" ಎಂದು ಈಗಲೂ ತಮಾಷೆ ಮಾಡುತ್ತಾರೆ. ಆ ತಮಾಷೆ ನನಗಿಂತ ಬೇಗ ಮುದಿಯಾಗಿದೆ.

"ಟ್ರೌಟ್ ತರ್ಸವು ಹೇಳಿ ಮಾಡಿದ್ದಿ ತಮಾ," ಎಂದ ಭಾವ. "ದೀಪಾವಳಿ ದೊಡ್ಡಹಬ್ಬ ಕಳದ ಮೇಲೆ ಬಪ್ಪ ಶನಿವಾರ ಗಾಳದ ಉತ್ಸವ. ಜನಕ್ಕೆ ಆಗ್ಲೇ ಹೇಳಿ ಆತು."

"ಎಲ್ಲಿ ಬಿಡ್ತೆ ಅದನ್ನ?"

"ಮೇಲಿನ ತೊಟ್ಟಿಗೆ."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲವಾದ್ದರಿಂದ ಇದು ತಮಾಷೆಯಲ್ಲ ಎಂದು ತಿಳಿಯಿತು.

ಆ ತೊಟ್ಟಿಯನ್ನು ವಿವರಿಸಬೇಕು, ಮುಂದಿನದ್ದೆಲ್ಲ ನಡೆದದ್ದು ಅದರಲ್ಲೇ. ಗುಡ್ಡದ ಅಬ್ಬಿಯ, ಎಂದರೆ ಸಣ್ಣ ಝರಿಯ, ನೀರನ್ನು ಪೈಪಿನಲ್ಲಿ ತಂದು ಬೀಳಿಸುವ ಸಿಮೆಂಟಿನ ತೊಟ್ಟಿ ಅದು, ಒಂದು ಸಣ್ಣ ಅಂಗಳದಷ್ಟು ಅಗಲ, ಆಳದಲ್ಲಿ ಆಳೆತ್ತರ. ಮೊದಲು ತೋಟಕ್ಕೆ ನೀರು ಬಿಡಲು ಇಟ್ಟದ್ದು. ತುಂಬಿ ಹೆಚ್ಚಾದ ನೀರು ಪಕ್ಕದ ಹಳ್ಳಕ್ಕೆ ಬೀಳುತ್ತದೆ. ತಳದಲ್ಲಿ ಒಂದು ವಾಲ್ವ್ ಇದೆ, ಅದನ್ನು ತಿರುಗಿಸಿದರೆ ತೊಟ್ಟಿ ಪೂರ್ತಿ ಅದೇ ಹಳ್ಳಕ್ಕೆ ಬರಿದಾಗುತ್ತದೆ. ಹಳ್ಳ ಕಲ್ಲುಗಳ ನಡುವೆ ಇಳಿದು, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಮಡು ಆಗಿ ನಿಲ್ಲುತ್ತದೆ. ಆ ಮಡುವಿನಲ್ಲಿ ಮಹಸೀರ್ ಮೀನುಗಳಿವೆ, ಅಂಗೈಯಗಲದ ಹುರುಪೆಯವು, ಹಿತ್ತಾಳೆಯ ಬಣ್ಣದವು. ಕೆಳಗಿನ ಕೇರಿಯವರು ಅಲ್ಲಿ ಗಾಳ ಹಾಕುವುದಿಲ್ಲ, ಬಲೆ ಬೀಸುವುದಿಲ್ಲ. ಮೈಮೇಲೆ ನರಹುಲಿ ಎದ್ದವರು, ಕಜ್ಜಿಯ ಮಕ್ಕಳನ್ನು ಕಟ್ಟಿಕೊಂಡವರು ಮಡುವಿನ ಮೀನಿಗೆ ಅಕ್ಕಿ ಹಾಕುತ್ತೇವೆಂದು ಹರಕೆ ಹೊರುತ್ತಾರೆ. ಮೊದಲ ಹಿಡಿ ಅಕ್ಕಿ ಹಾಕುವ ಹಕ್ಕು ಒಂದೇ ಮನೆಗೆ. ಕಂಬಕ್ಕೆ ಒರಗಿ ನಿಂತಿದ್ದ ಹೆಂಗಸು ಆ ಮನೆಯವಳು. ಮೀನು ತಿನ್ನುವ ಕೇರಿ ಅದು, ಮಳೆಗಾಲ ಶುರುವಾದರೆ ಗದ್ದೆಗೆ ಹತ್ತುವ ಮೀನು ಹಿಡಿದು ಹುಳಿ ಮಾಡುವ ಜನ. ಆದರೂ ಆ ಒಂದು ಮಡುವನ್ನು ಬಿಟ್ಟಿದ್ದಾರೆ. ತಿನ್ನದವನು ಬಿಡುವುದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ನನ್ನ ಹಾಗೆ.

"ಅದು ಚಳಿನೀರಿನ ಮೀನು ಭಾವ," ಎಂದೆ. "ಎಂಗಳ ಅಬ್ಬಿ ನೀರು ಅದಕ್ಕೆ ಬಚ್ಚಲು ಹಂಡೆ ಇದ್ದಾಂಗೆ."

"ನೀವು ಕಾರ್ಪ್ ಮೈಂಡ್‌ಸೆಟ್‌ನಲ್ಲಿ ಇದೀರ ಸರ್," ಎಂದ ಸಲಹೆಗಾರ. "ಹೊರದೇಶದಲ್ಲಿ ಎಲೆ ಉದುರೋ ಕಾಲಕ್ಕೆ ನದಿ ದಡದಲ್ಲಿ ನಿಂತು ಸಾಲ್ಮನ್, ಟ್ರೌಟ್ ಹಿಡೀತಾರೆ. ಅದೊಂದು ಅನುಭವ. ನಾವು ಅನುಭವ ಕೊಡ್ತಾ ಇದೀವಿ."

"ಯಾರಿಗ್ರಾ, ಮೀನಿಗಾ?" ಎಂದು ಕಂಬದ ಕಡೆಯಿಂದ ಹೆಂಗಸು ಕೇಳಿದಳು.

ಭಾವ ಅವಳತ್ತ ನೋಡದೆ ಚಹಾ ಕುಡಿದ. ನಮ್ಮಲ್ಲಿ ನವೆಂಬರ್ ಬಂದರೆ ಎಲೆ ಉದುರುವುದಿಲ್ಲ. ಭಾವನಿಗೆ ಅದು ಗೊತ್ತು. ಹುಟ್ಟಿದಾರಭ್ಯ ಇದೇ ಕಾಡು ನೋಡಿದವನು. ಆದರೆ ಫೋನಿನಲ್ಲಿ ಬಂದ ಚಿತ್ರದಲ್ಲಿ ಕೆಂಪು ಮರಗಳಿದ್ದವು, ಮೊಣಕಾಲುದ್ದದ ಬೂಟು ಹಾಕಿದ ಬಿಳಿಯರು ನೀರಲ್ಲಿ ನಿಂತಿದ್ದರು. ಕಣ್ಣೆದುರಿನ ಕಾಡಿಗಿಂತ ಅಂಗೈಯೊಳಗಿನ ಕಾಡು ಅವನಿಗೆ ನಿಜವಾಗಿಬಿಟ್ಟಿತ್ತು. ಅಂಥ ತಲೆಗೆ ಥರ್ಮಾಮೀಟರ್ ತೋರಿಸಿ ಏನು ಫಲ?

ಒಪ್ಪಬಾರದಿತ್ತು. ಆ ತಿಂಗಳು ಮಗಳ ಮನೆಯಲ್ಲಿದ್ದ ಅಕ್ಕ ಸಂಜೆ ಫೋನ್ ಮಾಡಿ, "ನೀ ಇಲ್ದಿದ್ರೂ ನಿನ್ನ ಭಾವ ಮಾಡ್ತ. ನೀ ಇದ್ರೆ ಕೆಳಗಿನ ಕೇರಿಯವಕ್ಕೆ ತೊಂದರೆ ಆಗ್ತಿಲ್ಲೆ" ಎಂದಳು. ಆ ಮಾತಿಗೆ ಒಪ್ಪಿದೆ. ಮೂರು ಷರತ್ತು ಹಾಕಿದೆ. ತುಂಬಿ ಹೋಗುವ ನೀರಿಗೆ ಸಣ್ಣ ಕಣ್ಣಿನ ಎರಡು ಪದರ ಬಲೆ ಕಟ್ಟಬೇಕು, ಒಂದು ಟ್ರೌಟ್ ಕೂಡ ಹಳ್ಳಕ್ಕೆ ಇಳಿಯಬಾರದು. ತಳದ ವಾಲ್ವ್ ತಿರುಗಿಸುವ ಹಿಡಿಕೆ, ಆ ತಿರುಗಣೆ, ಕಳಚಿ ನನ್ನ ಹತ್ತಿರ ಇರಬೇಕು. ನನ್ನನ್ನು ಕೇಳದೆ ತೊಟ್ಟಿಗೆ ಒಂದು ಚಿಟಿಕೆ ಏನನ್ನೂ ಹಾಕಬಾರದು. ಭಾವ ಮೂರಕ್ಕೂ ತಲೆ ಆಡಿಸಿದ. ಅವನು ತಲೆ ಆಡಿಸುವುದು ಕೇಳಿದ್ದಕ್ಕಲ್ಲ, ಮಾತು ಬೇಗ ಮುಗಿಯಲಿ ಎಂದು. ಅಷ್ಟು ವರ್ಷದ ನಂಟಸ್ತಿಕೆಯಲ್ಲಿ ನನಗೆ ಅದು ಗೊತ್ತಿರಬೇಕಿತ್ತು.

ದಕ್ಷಿಣದ ಎತ್ತರದ ಬೆಟ್ಟಗಳಲ್ಲಿ ಟ್ರೌಟ್ ಸಾಕುವ ಜಾಗವೊಂದಿದೆ. ಪಿಕಪ್ ತೆಗೆದುಕೊಂಡು ನಾನು, ಸಲಹೆಗಾರ ಅಲ್ಲಿಗೆ ಹೋದೆವು. ಬದುಕಿದ ಮೀನನ್ನು ದೂರ ಸಾಗಿಸುವುದು ನನಗೆ ಹೊಸದಲ್ಲ. ಹೊರಡುವ ಮುಂಚೆ ಮೀನನ್ನು ಉಪವಾಸ ಕೆಡವಬೇಕು. ಹೊಟ್ಟೆಯಲ್ಲಿ ತಿಂಡಿ ಇದ್ದರೆ ಚೀಲದ ನೀರು ಹೇಸಿಗೆಯಾಗಿ ದಾರಿಯಲ್ಲೇ ಉಸಿರುಗಟ್ಟುತ್ತವೆ. ದಪ್ಪ ಪ್ಲಾಸ್ಟಿಕ್ ಚೀಲ, ಒಂದರೊಳಗೆ ಒಂದು. ಕಾಲುಭಾಗ ನೀರು, ಕೆಲವೇ ಮೀನು, ಉಳಿದಷ್ಟೂ ಆಮ್ಲಜನಕ. ಬಾಯಿ ತಿರುಚಿ, ಮಡಚಿ, ರಬ್ಬರ್ ಬಿಗಿದು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಲಗಿಸಿ, ಚೀಲಕ್ಕೆ ನೇರ ತಾಗದ ಹಾಗೆ ಕಾಗದದಲ್ಲಿ ಸುತ್ತಿದ ಐಸ್ ಇಡಬೇಕು. ಪೆಟ್ಟಿಗೆಗೆ ಅಂಟುಪಟ್ಟಿ ಹಚ್ಚಿದ ಮೇಲೆ ಊರು ಮುಟ್ಟುವವರೆಗೆ ತೆರೆಯಬಾರದು.

ಸಲಹೆಗಾರ ತೆರೆದ. ದಾರಿಯಲ್ಲಿ ನಾನು ಡೀಸೆಲ್ ಹಾಕಿಸುತ್ತಿದ್ದಾಗ, ಬಿಸಿಲಲ್ಲಿ ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿ, ಚೀಲವನ್ನು ಮುಖದ ಹತ್ತಿರ ಹಿಡಿದುಕೊಂಡು ವಿಡಿಯೊ ಮಾಡುತ್ತಿದ್ದ. "ಜರ್ನಿ ತೋರಿಸ್ಬೇಕು ಸರ್." ಚೀಲದೊಳಗಿನ ಮೀನು ಅವನ ಮುಖ ನೋಡಿ ಬಾಲ ಬಡಿಯಿತು. ಅದರ ಅಭಿಪ್ರಾಯವೂ ನನ್ನದೂ ಒಂದೇ ಇರಬೇಕು. ಆ ಪೆಟ್ಟಿಗೆಯ ಮೀನುಗಳು ಊರು ಮುಟ್ಟುವಾಗ ಹೊಟ್ಟೆ ಮೇಲಾಗಿದ್ದವು. ಉಳಿದವು ಬದುಕಿದ್ದವು.

ಹೊರಡುವ ಮುಂಚೆಯೇ ತೊಟ್ಟಿಯ ಮೇಲೆ ಹಸಿರು ನೆರಳುಬಲೆ ಕಟ್ಟಿ, ಅದರ ಮೇಲೆ ಸೋಗೆ ಹೊದಿಸಿ, ಗಾಳಿ ಊದುವ ಎರಡು ಪಂಪು ಇಟ್ಟಿದ್ದೆ. ಕರಾವಳಿಯಿಂದ ತಂದ ಐಸ್ ಗಡ್ಡೆಗಳನ್ನು ಭತ್ತದ ಹೊಟ್ಟು ತುಂಬಿದ ಗೋಣಿಯಲ್ಲಿ ಇಟ್ಟು, ಒಂದೊಂದಾಗಿ ನೀರಿಗೆ ಬಿಡುತ್ತಾ ಶಾಖ ಇಳಿಸಿದೆ. ಚೀಲಗಳನ್ನು ಬಿಚ್ಚದೆ ತೊಟ್ಟಿಯಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರು ಒಂದೇ ಹದಕ್ಕೆ ಬರುವವರೆಗೆ ಕಾದು, ತಂಬಿಗೆಯಿಂದ ಸ್ವಲ್ಪ ಸ್ವಲ್ಪ ತೊಟ್ಟಿಯ ನೀರು ಚೀಲಕ್ಕೆ ಹಾಕುತ್ತಾ ಕೂತೆ.

"ಮೇಲಿಂದ ಸುರಿದ್ರೆ ಚೆನ್ನಾಗಿ ಬರ್ತಿತ್ತು ಶಾಟ್," ಎಂದ ಸಲಹೆಗಾರ.

"ನಿಮ್ಮನ್ನ ಆ ಗುಡ್ಡದ ಮೇಲಿಂದ ಸುರಿದ್ರೆ ಇನ್ನೂ ಚೆನ್ನಾಗಿ ಬರ್ತದೆ," ಎಂದೆ. ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮೊದಲ ಎರಡು ದಿನ ಮೀನು ಚೆನ್ನಾಗಿದ್ದವು. ಭಾವ ತೊಟ್ಟಿಯ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಬಂದವರಿಗೆಲ್ಲ, "ಆಗ್ತಿಲ್ಲೆ ಹೇಳಿದ್ದ ಈ ಮೀನು ಹೆಗಡೆ. ನೋಡು, ಆತು" ಎನ್ನುತ್ತಿದ್ದ. ನಾನು ನೀರೊಳಗೆ ಕೈಯಿಟ್ಟು ಶಾಖ ನೋಡುವುದು, ಐಸ್ ಬಿಡುವುದು, ಪಂಪು ನೋಡುವುದು. ಹೆಂಗಸು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತುಂಬಿ ಹೋಗುವ ನೀರಿಗೆ ಕಟ್ಟಿದ ಬಲೆ ಸರಿಯಾಗಿದೆಯೇ ಎಂದು ನೋಡಿ ಹೋಗುತ್ತಿದ್ದಳು. ನನ್ನ ಮೇಲೆ ಅವಳಿಗೆ ಅಷ್ಟೇನು ನಂಬಿಕೆ ಇರಲಿಲ್ಲ. "ಹೆಗಡೇರೆ, ನಿಮ್ ಪರದೇಶಿ ಒಂದೇ ಒಂದ್ ಕೆಳಗ್ ಬಂದ್ರೂ ನಿಮ್ಮನ್ನೇ ಮಡುಗೆ ಹಾಕ್ತೆ" ಎಂದು ಹೇಳಿಯೂ ಇದ್ದಳು.

ಮೂರನೆಯ ದಿನ ಕೆಲವು ಮೀನಿನ ಬೆನ್ನಿನ ಮೇಲೆ ಬೆಳ್ಳಗಿನ ಮಚ್ಚೆ ಕಂಡವು. ಒಂದನ್ನು ಹಿಡಿದು ಕಿವಿರು ಎತ್ತಿ ನೋಡಿದೆ. ಕೆಂಪಗಿರಬೇಕಾದದ್ದು ಅಂಚಿನಲ್ಲಿ ಬೂದುಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿತ್ತು. ನೀರು ಬೆಚ್ಚಗಾದರೆ, ಮೈಯ ಲೋಳೆ ಉಜ್ಜಿ ಹೋಗಿದ್ದರೆ ಬರುವ ಬೇನೆ. ಕಾಟ್ಲಾ ಮರಿಗಳಿಗೂ ಬರುತ್ತದೆ. ಉಪ್ಪುನೀರಿನಲ್ಲಿ ಮೀಯಿಸಿ, ನೀರು ತಂಪಾಗಿಟ್ಟರೆ ಅರ್ಧಕ್ಕರ್ಧ ಉಳಿಯುತ್ತವೆ. ನಾನು ಕಲ್ಲುಪ್ಪು ತರಿಸಿದೆ.

"ಉಪ್ಪು ಎಂತಕ್ಕೆ? ಉಪ್ಪಿನಕಾಯಿ ಹಾಕ್ತ್ಯಾ?" ಎಂದ ಭಾವ. ನಂತರ ತೊಟ್ಟಿಗೆ ಬಗ್ಗಿ ನೋಡಿ, "ಎಂತ ಆಜು ಇದಕ್ಕೆ?" ಎಂದು ಕೇಳಿದ.

"ಕಿವಿರು ಕೊಳೀತಾ ಇದ್ದು."

ಆ ಒಂದು ಮಾತು ಆಡಬಾರದಿತ್ತು. ನಾನು ಹೇಳಿದ್ದು ಮೀನಿನ ಬೇನೆ. ಅಡಿಕೆ ಬೆಳೆದವನ ಕಿವಿಗೆ ಕೊಳೆ ಎಂಬ ಶಬ್ದ ಬಿದ್ದರೆ ಕೈ ತಾನಾಗಿ ಮೈಲುತುತ್ತದ ಡಬ್ಬಿಗೆ ಹೋಗುತ್ತದೆ. ನಮ್ಮ ಅಡಿಕೆ ಸೀಮೆಯಲ್ಲಿ ಅದೊಂದು ರೂಢಿ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬಾರದಿರಲಿ ಎಂದು ಮೈಲುತುತ್ತ, ಸುಣ್ಣ ಕಲಸಿ ಮರಮರಕ್ಕೂ ಹೊಡೆಯುತ್ತೇವೆ. ಅದಕ್ಕೆ ನಾವು ಔಷಧಿ ಎನ್ನುತ್ತೇವೆ, ಮದ್ದು ಎನ್ನುತ್ತೇವೆ, ವಿಷ ಎಂದು ಯಾರೂ ಕರೆದದ್ದು ನಾನು ಕೇಳಿಲ್ಲ. ಅಜ್ಜನ ಕಾಲದಿಂದ ಮದ್ದು ಎಂದು ಕರೆದದ್ದರ ಮೇಲೆ ಅನುಮಾನ ಹುಟ್ಟುವುದಾದರೂ ಹೇಗೆ?

ಐಸ್ ಮುಗಿದಿತ್ತು. ಉತ್ಸವಕ್ಕೆ ಒಂದೇ ದಿನ ಉಳಿದಿತ್ತು. ಬೆಳಗಾಗುತ್ತಲೇ ಅರಬೈಲ್ ಘಟ್ಟ ಇಳಿದು ಕರಾವಳಿಯ ಐಸ್ ಕಾರ್ಖಾನೆಗೆ ಹೋದೆ. ವಾಲ್ವಿನ ತಿರುಗಣೆಯನ್ನು ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದೆ. ಹೋಗುವಾಗ, "ಆನು ಬಪ್ಪವರೆಗೆ ಎಂತದೂ ಮುಟ್ಟಡಿ" ಎಂದು ಇಬ್ಬರಿಗೂ ಹೇಳಿದೆ. ಭಾವ ತಲೆ ಆಡಿಸಿದ.

ಮಧ್ಯಾಹ್ನ ಬಂದು ನೋಡಿದರೆ ಅಂಗಳದಲ್ಲಿ ಔಷಧಿ ಹೊಡೆಯುವ ಪಂಪು, ಪಕ್ಕದಲ್ಲಿ ನೀಲಿ ಡ್ರಮ್ಮು. ತೊಟ್ಟಿಯ ನೀರು ಮಳೆಗಾಲದಲ್ಲಿ ಮದ್ದು ಹೊಡೆದ ಅಡಿಕೆ ಸೋಗೆಯ ನೀಲಿಬಣ್ಣಕ್ಕೆ ಬಂದಿತ್ತು. ಅಬ್ಬಿಯ ಪೈಪನ್ನು ಕಟ್ಟಿ ನಿಲ್ಲಿಸಿದ್ದರು, ಮದ್ದು ತೆಳುವಾಗಬಾರದಲ್ಲ. ಮೀನುಗಳು ಪಕ್ಕಕ್ಕೆ ವಾಲಿ, ಬಾಯಿ ತೆರೆದು, ದಂಡೆಯ ಉದ್ದಕ್ಕೂ ಕಸದ ಹಾಗೆ ಕೂಡಿಬಿದ್ದಿದ್ದವು.

"ಕೊಳೆ ಬಂಜು ಹೇಳಿದ್ಯಲ, ಮದ್ದು ಹೊಡದ್ದಿ," ಎಂದ ಭಾವ. ಕೆಲಸ ಒಪ್ಪವಾಗಿ ಮುಗಿಸಿದವನ ದನಿ ಅದು.

"ಭಾವಾ, ಎಲ್ಲಾ ಸತ್ತೋಜಲಾ."

"ಸತ್ತಿದ್ದಿಲ್ಲೆ. ಮದ್ದಿನ ಕಾವಿಗೆ ಮಲಗಿದ್ದು. ಸಂಜಿಗೆ ಏಳ್ತು."

ಸಲಹೆಗಾರ ಫೋನ್ ಚಾಚಿದ. "ಸರ್, ಇಲ್ಲೇ ಬರೆದಿದೆ ನೋಡಿ, ಕೊಳದ ಮೀನಿಗೆ ಕಾಪರ್ ಸಲ್ಫೇಟ್ ಕೊಡ್ತಾರೆ." ನಮ್ಮ ಮೈಲುತುತ್ತದ ಇಂಗ್ಲಿಷ್ ಹೆಸರು ಅದು. ಕೊಡುತ್ತಾರೆ, ಸುಳ್ಳಲ್ಲ. ಸುಣ್ಣಕಲ್ಲಿನ ಸೀಮೆಯ ಗಡಸು ನೀರಿನ ಕೊಳಕ್ಕೆ, ಚೂರೇ ಚೂರು. ನಮ್ಮ ಅಬ್ಬಿಯ ನೀರು ಸೋಪು ಹಚ್ಚಿದರೆ ಕೈ ಬಿಡದಷ್ಟು ಮೆದು. ಅಂಥ ನೀರಿನಲ್ಲಿ ತಾಮ್ರ ಮೀನಿನ ಕಿವಿರಿಗೆ ಬೆಂಕಿ. ಅದೂ ಟ್ರೌಟ್. ಅವನು ಓದಿದ ಸಾಲಿನ ಮುಂದಿನ ಸಾಲಿನಲ್ಲೇ ಅದು ಇತ್ತು. ಮುಂದಿನ ಸಾಲು ಓದಲು ಬೆರಳಿನಿಂದ ಇನ್ನೊಂದು ಸಲ ಮೇಲಕ್ಕೆ ತಳ್ಳಬೇಕಿತ್ತು, ಅಷ್ಟು ಶ್ರಮ ಯಾರು ಪಡುತ್ತಾರೆ.

ಅಷ್ಟರಲ್ಲಿ ಹೆಂಗಸು ಹಳ್ಳದ ಕಡೆಯಿಂದ ಹತ್ತಿ ಬಂದಳು. ಓಡಿ ಬಂದವಳು ಅಂಗೈ ಬಿಚ್ಚಿ ತೋರಿಸಿದಳು. ಬೆರಳುದ್ದದ ನಾಲ್ಕಾರು ಹಳ್ಳದ ಮೀನು, ಸೆಟೆದುಕೊಂಡಿದ್ದವು.

"ಎಲ್ಲಿ ಸಿಕ್ತು?"

"ತೊಟ್ಟಿ ಬುಡದಾಗೇ. ನೀರು ಸೋರ್ತದೆ ಹೆಗಡೇರೆ."

ಕೆಳಗಿಳಿದು ನೋಡಿದೆ. ತಿರುಗಣೆ ಇಲ್ಲದ ವಾಲ್ವಿನ ದಂಡಕ್ಕೆ ಪೈಪ್ ಪಾನಾ ಹಚ್ಚಿಟ್ಟಿದ್ದರು. ಸತ್ತ ಮೀನು ತೆಗೆದು, ತೊಟ್ಟಿ ಖಾಲಿ ಮಾಡಿ, ತೊಳೆದು, ಶನಿವಾರಕ್ಕೆ ಹೊಸ ನೀರು ತುಂಬಿಸಬೇಕೆಂದು ಸಲಹೆಗಾರ ಆಗಲೇ ಶುರು ಮಾಡಿದ್ದ. ತುಕ್ಕು ಹಿಡಿದ ವಾಲ್ವ್ ಒಂದು ಸುತ್ತೂ ಪೂರ್ತಿ ತಿರುಗದೆ ಸಿಕ್ಕಿಕೊಂಡಿತ್ತು. ಕಿರುಬೆರಳಿನಷ್ಟು ದಪ್ಪ ತಿಳಿನೀಲಿ ನೀರು ಹಳ್ಳಕ್ಕೆ ಸೇರುತ್ತಿತ್ತು. ಆ ತುಕ್ಕಿಗೆ ಇದ್ದ ಬುದ್ಧಿ ಮೇಲೆ ನಿಂತವರಿಗೆ ಇರಲಿಲ್ಲ.

ಪಾನಾದಿಂದಲೇ ವಾಲ್ವ್ ಬಿಗಿದೆ, ಪೂರ್ತಿ ಕೂರಲಿಲ್ಲ. ಹೆಂಗಸು ಗದ್ದೆಯ ಅಂಚಿನಿಂದ ಜೇಡಿಮಣ್ಣು ಬಾಚಿ ತಂದಳು. ಹಳೆಯ ಪಂಚೆಯ ತುಂಡಿನಲ್ಲಿ ಮಣ್ಣು ಸುತ್ತಿ ಪೈಪಿನ ಬಾಯಿಗೆ ಗಿಡಿದೆವು. ಸೋರುವುದು ನಿಂತಿತು. ಅಷ್ಟು ಹೊತ್ತಿನಲ್ಲಿ ಎಷ್ಟು ನೀರು ಮಡುವಿನವರೆಗೆ ಹೋಗಿದೆಯೋ ಇಬ್ಬರಿಗೂ ಗೊತ್ತಿರಲಿಲ್ಲ. ಅಬ್ಬಿಯ ಪೈಪು ಬಿಚ್ಚಿ, ತೊಟ್ಟಿಗೆ ಬೀಳದ ಹಾಗೆ ಅದರ ಬಾಯಿಯನ್ನು ಹಳ್ಳದ ಕಡೆ ತಿರುಗಿಸಿದೆ. ಹೋದ ವಿಷ ತೆಳುವಾಗಲಿ, ಬೇರೆ ಏನು ಮಾಡಲೂ ಬರುತ್ತಿರಲಿಲ್ಲ.

ಮೇಲೆ ಬಂದಾಗ ಭಾವ ಗಡಿಯಾರ ನೋಡುತ್ತಿದ್ದ.

"ನಾಳೆ ಜನ ಬತ್ತ ತಮಾ. ಕಟ್ಟಿದ್ದು ಬಿಚ್ಚು. ಒಂದು ತಾಸಿಗೆ ನೀರು ಹೋಗ್ತು, ಆಮೇಲೆ ತೊಳೆದರೆ ಆತು."

"ಆ ನೀರು ಮಡುಗೆ ಹೋದ್ರೆ ಒಂದು ಮೀನೂ ಉಳಿತಿಲ್ಲೆ."

"ಹಳ್ಳದ ಮೀನು ಅಲ್ದಾ. ಮಳೆ ಬಂದ್ರೆ ಮತ್ತೆ ಬತ್ತು."

ಹೆಂಗಸು ತೊಟ್ಟಿಯ ಬುಡಕ್ಕೆ ಇಳಿದು, ಮಣ್ಣು ಗಿಡಿದ ಪೈಪಿಗೆ ಬೆನ್ನು ಕೊಟ್ಟು ಕೂತಳು. ಕವಳದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಭಾವ ಮೇಲಿಂದ, "ಏಳೇ, ಕೆಲಸ ಇಲ್ಯಾ ನಿಂಗೆ?" ಎಂದ. "ಇದೇ ಕೆಲ್ಸ ಒಡೇರೆ," ಎಂದಳು ತಲೆಯೆತ್ತದೆ.

ನಾನು ಪಿಕಪ್ಪಿಗೆ ಹೋಗಿ ತಿರುಗಣೆ ತೆಗೆದು ಜೇಬಿಗೆ ಹಾಕಿಕೊಂಡೆ. ಪಾನಾವನ್ನೂ ತೆಗೆದುಕೊಂಡೆ. "ಈ ನೀರು ಹಳ್ಳಕ್ಕೆ ಹೋಗ್ತಿಲ್ಲೆ ಭಾವ. ಗುಡ್ಡ ಹತ್ತಿಸ್ತಿ. ಉತ್ಸವ ಆಗ್ಲಿ, ಬಿಡ್ಲಿ" ಎಂದೆ. ಅಕ್ಕನ ಮನೆಯಲ್ಲಿ ನಿಂತು ಅವಳ ಗಂಡನಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವನು, "ಹಾಂಗಾದ್ರೆ ಈ ಮೆಟ್ಟಿಲು ಮತ್ತೆ ಹತ್ತಡ" ಎಂದ. ಆಗಲಿ ಎಂದೆ.

ಕೆಲಸ ಹೀಗೆ. ಡ್ರಮ್ಮಿನ ತಳದಲ್ಲಿ ಉಳಿದಿದ್ದ ಮದ್ದಿಗೆ ಮೊದಲು ಕತ್ತಿಯ ತುದಿ ಅದ್ದಿ ಹಿಡಿದೆ. ಮದ್ದು ಸರಿಯಾಗಿ ಕಲಸಿದ್ದರೆ ಕಬ್ಬಿಣದ ಬಣ್ಣ ಬದಲಾಗುವುದಿಲ್ಲ. ಸುಣ್ಣ ಕಡಿಮೆಯಿದ್ದರೆ ತಾಮ್ರ ಕತ್ತಿಗೆ ಹತ್ತಿ ಕೆಂಪಗಾಗುತ್ತದೆ. ಇದನ್ನು ಪ್ರತಿ ವರ್ಷ ಭಾವನೇ ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರರಿಗೆ ಹೇಳಿಕೊಡುತ್ತಾನೆ. ಕತ್ತಿ ಕೆಂಪಗಾಯಿತು. ಮೀನಿನ ವಿಷಯ ಬಿಡಿ, ಮದ್ದನ್ನು ಕೂಡ ಅವನು ಸರಿಯಾಗಿ ಕಲಸಿರಲಿಲ್ಲ. ಯಾಕೆಂದರೆ ಸಲಹೆಗಾರ ಸುಣ್ಣ ಹೆಚ್ಚಾದರೆ ನೀರು ಬಿಳಿಯಾಗಿ ವಿಡಿಯೊದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದಿದ್ದನಂತೆ.

ಹಾಗಾದರೆ ಸುಣ್ಣವೇ ಬೇಕು. ಕೊಟ್ಟಿಗೆಯ ಅಟ್ಟದಲ್ಲಿ ಇದ್ದ ಚಿಪ್ಪುಸುಣ್ಣ ಇಳಿಸಿ, ನೀರು ಹಾಕಿ ಅರಳಿಸಿ, ಹಳೆಯ ಸೀರೆಯಲ್ಲಿ ಸೋಸಿ, ತಿಳಿಯನ್ನು ತೊಟ್ಟಿಯ ಸುತ್ತ ಹಾಕುತ್ತಾ ಬಿದಿರುಗಳದಿಂದ ತೊಳಸಿದೆ. ಸುಣ್ಣ ತಾಮ್ರವನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಇಳಿಯಲು ಹೊತ್ತು ಬೇಕು, ಕಲಕಬಾರದು. ಗಾಳಿಯ ಪಂಪು ನಿಲ್ಲಿಸಿದೆ. ಸಂಜೆಯ ಹೊತ್ತಿಗೆ ಮೇಲಿನ ನೀರು ತಿಳಿಯಾಗಿ, ತಳದಲ್ಲಿ ನೀಲಿ ಕೆಸರು ಕೂತಿತ್ತು. ಔಷಧಿ ಹೊಡೆಯುವ ಅದೇ ಪಂಪಿನ ಉದ್ದ ಪೈಪನ್ನು ಮೇಲಿನ ಬೇಣಕ್ಕೆ ಎಳೆದೆವು. ಅಲ್ಲಿ ಹುಲ್ಲು ಬಿಟ್ಟು ಏನಿಲ್ಲ, ನೀರು ಕಲ್ಲುಮಣ್ಣಿಗೆ ಇಂಗುತ್ತದೆ, ಹಳ್ಳ ಆ ಕಡೆ ಇಲ್ಲ. ತೊಟ್ಟಿಯ ನೀರು ನಿಧಾನವಾಗಿ ಗುಡ್ಡ ಹತ್ತಿತು. ಪಂಪು ಎರಡು ಸಲ ಕೆಟ್ಟಿತು. ಎರಡನೆಯ ಸಲ ಅದರ ವಾಷರ್ ಹರಿದಾಗ ನನ್ನ ಚಪ್ಪಲಿಯ ಚರ್ಮ ಕೊಯ್ದು ಹಾಕಿದೆ.

ಬೆಳಿಗ್ಗೆ ಜನ ಬಂದಾಗ ತೊಟ್ಟಿ ಬಹುಪಾಲು ಬರಿದಾಗಿತ್ತು. ನಾನು ಕೆಸರನ್ನು ಬಾಣಲೆಯಲ್ಲಿ ತುಂಬಿ ಬೇಣದಲ್ಲಿ ತೋಡಿದ ಗುಂಡಿಗೆ ಸಾಗಿಸುತ್ತಿದ್ದೆ. ಸತ್ತ ಟ್ರೌಟ್‌ಗಳನ್ನು ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದೆ, ಹೂಳುವುದಕ್ಕೆ. ಸಲಹೆಗಾರ ಬಂದವರನ್ನು ಅಲ್ಲಿಗೇ ಕರೆತಂದ. ಎಂಥವರು ಇರಬಹುದು ಎಂದು ನೀವು ಊಹಿಸಿ, ಅದಕ್ಕಿಂತ ಒಂದು ಪಟ್ಟು ಹೆಚ್ಚು. ಮೊಣಕಾಲುದ್ದದ ಬೂಟು ಹಾಕಿಕೊಂಡೇ ಕಾರಿನಿಂದ ಇಳಿದಿದ್ದರು. ಒಬ್ಬ, "ಇವತ್ತಿನ ಕ್ಯಾಚಾ?" ಎಂದು ಕೇಳಿದ. ಸಲಹೆಗಾರ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ, "ಬೆಳಗ್ಗೆ ಬೇಗನೆ ಆಯ್ತು ಸರ್" ಎಂದ.

ಅವರು ಸತ್ತ ಮೀನನ್ನು ಗಾಳಕ್ಕೆ ಸಿಕ್ಕಿಸಿಕೊಂಡು, ಕೋಲು ಬಗ್ಗಿಸಿ ಹಿಡಿದು, 'ಹಿಡಿದೆ' ಎನ್ನುವ ಮುಖ ಮಾಡಿ ಫೋಟೊ ತೆಗೆಸಿಕೊಂಡರು. ಒಬ್ಬ ಅದೂ ಸಾಲದೆ ಮೀನಿನ ಮೇಲೆ ನೀರು ಚಿಮುಕಿಸಲು ಹೇಳಿದ, ಈಗಷ್ಟೇ ಬಂದದ್ದೆಂದು ಕಾಣಲಿ ಎಂದು. ಭಾವ ತಾನೇ ತಂಬಿಗೆ ತಂದು ಚಿಮುಕಿಸಿದ. ಮೀನಿನ ಕಣ್ಣು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅದನ್ನು ನೋಡಲು ಮೀನನ್ನು ನೋಡಬೇಕು, ಅವರು ನೋಡುತ್ತಿದ್ದದ್ದು ಫೋನನ್ನು.

ಸುಟ್ಟು ತಿನ್ನುವ ಮಾತು ಬಂದಾಗ ಮಾತ್ರ ನಾನು ಬಾಣಲೆ ಇಟ್ಟು ಅಡ್ಡ ನಿಂತೆ. ವಿಷ ಬಿದ್ದ ಮೀನು, ತಿಂದರೆ ಆಸ್ಪತ್ರೆ ಎಂದೆ. ಎಲ್ಲರಿಗೂ ಕೇಳುವ ಹಾಗೆಯೇ ಎಂದೆ. ಅವರಲ್ಲಿ ಹಿರಿಯನೊಬ್ಬ, "ಫೋಟೊ ಚೆನ್ನಾಗಿ ಬಂದಿದೆ ಬಿಡಿ" ಎಂದ. ಊಟಕ್ಕೆ ಹೋದರು. ಅವರ ಮೇಲೆ ಸಿಟ್ಟು ಬರಬೇಕಿತ್ತು, ಅಷ್ಟು ಕೂಡ ಬರಲಿಲ್ಲ.

ಮೀನನ್ನು ಸುಣ್ಣ ಹಾಕಿ ಬೇಣದ ಮೇಲೆ ಹೂತೆವು. ತೊಟ್ಟಿ ಉಜ್ಜಿ, ಉಜ್ಜಿದ ನೀರನ್ನೂ ಗುಡ್ಡಕ್ಕೇ ಹತ್ತಿಸಿದೆ. ಹೊರಡುವ ಮುಂಚೆ ಹೆಂಗಸಿನ ಜೊತೆ ಮಡುವಿಗೆ ಇಳಿದೆ. ದಂಡೆಯಲ್ಲಿ ಸತ್ತದ್ದೇನೂ ಕಾಣಲಿಲ್ಲ. ಅವಳು ಮಡಿಲಿನಿಂದ ಅಕ್ಕಿ ತೆಗೆದು ಹಾಕಿದಳು. ಕಾಳು ತೇಲಿ, ತಿರುಗಿ, ಮುಳುಗಿತು. ಏನೂ ಮೇಲೆ ಬರಲಿಲ್ಲ. ಮತ್ತೊಂದು ಹಿಡಿ ಹಾಕಿದಳು.

"ಹೆದರ್ಕಂಡು ಅಡೀಲಿ ಇರ್ಬೋದು," ಎಂದೆ.

"ಇರ್ಬೋದು," ಎಂದಳು. "ಇಲ್ದೆನೂ ಇರ್ಬೋದು. ನಮ್ ಕೇರಿಯವ್ರು ಕೇಳಿದ್ರೆ ಎಂತ ಹೇಳ್ಲಿ? ನಮ್ಮ ಮನೇವ್ರು ನೋಡ್ಕಳ್ತ್ರು ಅಂತ ಮಡು ನಮ್ಗೇ ಬಿಟ್ಟಿದ್ರು."

ಮೇಲೆ ಹತ್ತಿ ಬಂದು ಪಿಕಪ್ ಹೊರಡಿಸಿದೆ. ಪಿಕಪ್ಪಿನಲ್ಲಿ ತಂದ ಐಸ್ ಎಲ್ಲ ಕರಗಿ ದಾರಿಯುದ್ದಕ್ಕೂ ಸುರಿಯುತ್ತಾ ಬಂತು.

ಮನೆಗೆ ಬಂದು ನನ್ನ ಮರಿಗಳ ಕೆಲಸದಲ್ಲಿ ಬಿದ್ದೆ. ಅಕ್ಕನಿಗೆ ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಮೀನು ಹೆಗಡೆ ಯಲ್ಲಾಪುರದ ಕಡೆ ಹೋಗಿ ದುಬಾರಿ ಮೀನನ್ನೆಲ್ಲ ಸಾಯಿಸಿದನಂತೆ ಎಂದು ಗಿರಾಕಿಗಳು ನನ್ನನ್ನೇ ಕೇಳತೊಡಗಿದರು. ಹೌದು ಎಂದೆ. ವಿವರಿಸಿದರೆ ಭಾವನ ಕಥೆಯಾಗುತ್ತಿತ್ತು, ಅವನಿಗೆ ಅಷ್ಟು ದೊಡ್ಡ ಕಥೆ ಕೊಡಲು ಮನಸ್ಸಿರಲಿಲ್ಲ.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಹೆಂಗಸಿನ ಫೋನ್ ಬಂತು. ಹಲೋ ಎಂದರೆ ಮಾತಿಲ್ಲ. ನೀರು ಬಡಿಯುವ ಸದ್ದು, ಚಪ್ ಚಪ್ ಎಂದು ತುಟಿ ಬಡಿಯುವಂಥ ಸದ್ದು, ಒಂದರ ಮೇಲೊಂದು. ಮಹಸೀರ್ ಅಕ್ಕಿ ತಿನ್ನುವಾಗ ಮಾಡುವ ಸದ್ದು ಅದು. ಫೋನನ್ನು ನೀರಿನ ಹತ್ತಿರ ಹಿಡಿದಿದ್ದಳು.

"ಕೇಳ್ತದಾ ಹೆಗಡೇರೆ?"

"ಕೇಳ್ತದೆ."

"ದೊಡ್ಡವೂ ಬಂದ್ವು. ಎಲ್ಲ ಬಂದಂಗೇ ಕಾಣ್ತದೆ."

ಆ ಸದ್ದಿನ ಹಿಂದೆ, ದಂಡೆಯ ಮೇಲಿನಿಂದ ಯಾರಿಗೋ ವಿವರಿಸುವ ಒಂದು ಗಂಡುದನಿ ಕೇಳಿತು. ಭಾವನದು. ಗಿರಾಕಿಗಳ ಎದುರು ಆಡುವ ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದ: "ಇದೂ ಟ್ರೌಟ್ ಜಾತಿಯದೇ. ಸ್ವಲ್ಪ ಲೋಕಲ್ಲು. ನಾವೇ ಕಾಪಾಡಿಕೊಂಡು ಬಂದದ್ದು."

"ಎಂತ ಹೇಳ್ಲಿ ಇವ್ರಿಗೆ?" ಎಂದು ಹೆಂಗಸು ಮೆಲ್ಲಗೆ ಕೇಳಿದಳು.

"ಅಕ್ಕಿ ಹಾಕು," ಎಂದೆ.

ಅವಳು ಹಾಕಿದಳು. ಸದ್ದು ಮತ್ತೆ ಎದ್ದಿತು.